ಯೂನಿಯನ್ ಚಂದಾ: ಸಂಬಳದಲ್ಲೇ ಹಿಡಿಯಲಿ ಅನ್ನೋದಾ, ಕೈಯಲ್ಲಿ ಕೊಡೋದಾ, ಗೂಗಲ್ ಪೇ ಮಾಡೋದಾ?

ಕೆಲಸಕ್ಕೆ ಸೇರಿ ಎರಡು ಮೂರು ತಿಂಗಳಾದರೆ ಸಾಕು, ಯಾರಾದರೊಬ್ಬರು ಬಂದು ಟೇಬಲ್ ಮೇಲೆ ಒಂದು ಫಾರ್ಮ್ ಇಡುತ್ತಾರೆ. ಒಂದು ಸೈನ್ ಹಾಕಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಮರುದಿನ ಇನ್ನೊಂದು ಯೂನಿಯನ್‌ನವರು ಬರುತ್ತಾರೆ. ಅವರದ್ದು ಫಾರ್ಮ್ ಅಲ್ಲ, ರಶೀದಿ ಪುಸ್ತಕ. ಮೂರನೆಯವರು ವಾಟ್ಸಾಪಿನಲ್ಲಿ ಕ್ಯೂಆರ್ ಕೋಡ್ ಕಳಿಸುತ್ತಾರೆ. ಕಾಸರಗೋಡು, ಮಂಜೇಶ್ವರ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದವರು ನನ್ನ ಹತ್ತಿರ ಕೇಳುವುದು ಇದನ್ನೇ: ಸೇರುವುದಂತೂ ಆಯಿತು, ಪೈಸೆ ಯಾವ ದಾರಿಯಲ್ಲಿ ಕೊಡುವುದು ಒಳ್ಳೆಯದು? ನಾನು ಹಿಂದೆ ಒಂದು ಕಡೆ ಯೂನಿಟ್ ಖಜಾಂಚಿಯಾಗಿ ರಶೀದಿ ಪುಸ್ತಕ ಹಿಡಿದು ಓಡಾಡಿದವನು. ಅದಕ್ಕೇ ಈ ವಿಷಯದಲ್ಲಿ ನನಗೆ ಸ್ವಲ್ಪ ಜಾಸ್ತಿಯೇ ಅಭಿಪ್ರಾಯಗಳಿವೆ.

ಯಾವ ಯೂನಿಯನ್ ಒಳ್ಳೆಯದು ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಬಾವುಟದ ಬಣ್ಣ ನೀವೇ ಆರಿಸಿಕೊಳ್ಳಿ. ಹಣ ಹೋಗುವ ದಾರಿಯ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಅದನ್ನು ಯಾರೂ ಯೋಚಿಸಿ ಆರಿಸುವುದಿಲ್ಲ. ಮುಂದೆ ಬಂದ ಮೊದಲ ಫಾರ್ಮಿಗೆ ಸೈನ್ ಹಾಕಿ ಬಿಡುತ್ತಾರೆ.

ಮೊದಲು ಏನನ್ನು ನೋಡಬೇಕು

ಹೆಚ್ಚಿನವರು ಕೇಳುವುದು ಎಷ್ಟು ಸುಲಭ ಅಂತ. ನನ್ನ ಪ್ರಕಾರ ಅದು ಕೊನೆಯ ಪ್ರಶ್ನೆ. ಮೊದಲು ಕೇಳಬೇಕಾದ್ದು, ನೀವು ಯೂನಿಯನ್‌ನಲ್ಲಿದ್ದೀರಿ ಎಂಬುದು ಮ್ಯಾನೇಜ್‌ಮೆಂಟಿಗೆ ಗೊತ್ತಾದರೆ ನಿಮಗೆ ತೊಂದರೆ ಇದೆಯಾ ಎಂದು. ಬ್ಯಾಂಕಿನ ಖಾಯಂ ನೌಕರನಿಗೆ ಇದು ನಗು ಬರಿಸುವ ಪ್ರಶ್ನೆ. ಉಪ್ಪಳದ ಒಂದು ಜವುಳಿ ಅಂಗಡಿಯಲ್ಲಿ ನಿಲ್ಲುವ ಹುಡುಗಿಗೆ ಅಲ್ಲ.

ಎರಡನೆಯದು ಪುರಾವೆ. ಎರಡು ವರ್ಷ ಬಿಟ್ಟು ನಿಮ್ಮನ್ನು ಕೆಲಸದಿಂದ ತೆಗೆದರು, ಯೂನಿಯನ್ ನಿಮ್ಮ ಪರವಾಗಿ ಲೇಬರ್ ಆಫೀಸಿಗೆ ಹೋಗಬೇಕು ಅಂತ ಇಟ್ಟುಕೊಳ್ಳಿ. ನೀವು ಸದಸ್ಯರು ಅಂತ ತೋರಿಸಲು ಕೈಯಲ್ಲಿ ಏನಿದೆ? ಕೆಲಸ ಹೋದ ಮೇಲೆ ಹಳೆ ಬಾಕಿ ಒಟ್ಟಿಗೆ ಕಟ್ಟಲು ಹೋದರೆ ಎದುರು ಕಡೆಯ ವಕೀಲ ಮೊದಲು ಹಿಡಿಯುವುದೇ ಆ ರಶೀದಿಯ ತಾರೀಕನ್ನು.

ಮೂರನೆಯದು, ನಿಲ್ಲಿಸಬೇಕು ಅನಿಸಿದಾಗ ಎಷ್ಟು ಬೇಗ ನಿಲ್ಲಿಸಬಹುದು. ನಾಲ್ಕನೆಯದು ಖರ್ಚು. ಇದು ಚಂದಾ ಎಷ್ಟು ಎಂಬುದಕ್ಕಿಂತ ಅದನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂಬುದರ ಮೇಲೆ ನಿಂತಿದೆ.

ಖರ್ಚಿನದ್ದು ಮೊದಲೇ ಮುಗಿಸಿಬಿಡೋಣ. 1926ರ ಟ್ರೇಡ್ ಯೂನಿಯನ್ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿ ಹೇಳಿದ ಕನಿಷ್ಠ ಚಂದಾ ಕೇಳಿದರೆ ನಗುತ್ತೀರಿ. ಗ್ರಾಮೀಣ ಕಾರ್ಮಿಕರಿಗೆ ವರ್ಷಕ್ಕೆ 1 ರೂಪಾಯಿ, ಇತರ ಅಸಂಘಟಿತ ವಲಯದವರಿಗೆ 3 ರೂಪಾಯಿ, ಉಳಿದವರಿಗೆಲ್ಲ 12 ರೂಪಾಯಿ ಅಂತಿತ್ತು. ವರ್ಷಕ್ಕೆ! ಆ ಲೆಕ್ಕದಲ್ಲಿ ಯಾವ ಯೂನಿಯನ್ನೂ ನಡೆಯುವುದಿಲ್ಲ, ಅದಕ್ಕೇ ಪ್ರತಿ ಯೂನಿಯನ್ ತನ್ನ ಬೈಲಾದಲ್ಲಿ ಬೇರೆ ಮೊತ್ತ ಹಾಕಿಕೊಂಡಿರುತ್ತದೆ. ಕೆಲವು ಕಡೆ ನಿಗದಿ ಮೊತ್ತ, ಕೆಲವು ಕಡೆ ಮೂಲವೇತನದ ಇಷ್ಟು ಪ್ರತಿಶತ. ತಿಂಗಳಿಗೆ 50 ರೂಪಾಯಿ ಅಂದರೆ ವರ್ಷಕ್ಕೆ 600. ಅದೇ 40,000 ಮೂಲವೇತನದ 1 ಪ್ರತಿಶತ ಅಂದರೆ ತಿಂಗಳಿಗೆ 400, ವರ್ಷಕ್ಕೆ 4,800. ಸಂಬಳ ಏರಿದ ಹಾಗೆ ಅದೂ ಏರುತ್ತದೆ, ನಿಮಗೆ ಹೇಳದೆಯೇ. ಸೈನ್ ಹಾಕುವ ಮೊದಲು ಇದೊಂದು ಕೇಳಿ. ಇನ್ನು, ಈ ಚಂದಾಕ್ಕೆ ಸಂಬಳದಾರರಿಗೆ ಇನ್‌ಕಮ್ ಟ್ಯಾಕ್ಸಿನಲ್ಲಿ ಯಾವ ವಿನಾಯಿತಿಯೂ ಇಲ್ಲ. 80ಸಿಯಲ್ಲಿ ತೋರಿಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸಂಬಳದಲ್ಲೇ ಕಡಿತ

ಇದನ್ನು ಚೆಕ್-ಆಫ್ ಅನ್ನುತ್ತಾರೆ. ನೀವು ಬರೆದು ಕೊಟ್ಟ ಒಪ್ಪಿಗೆಯ ಮೇಲೆ ಮಾಲೀಕರೇ ಸಂಬಳದಿಂದ ಚಂದಾ ಹಿಡಿದು ಯೂನಿಯನ್ ಖಾತೆಗೆ ಕಳಿಸುತ್ತಾರೆ. ಒಪ್ಪಿಗೆ ಎಂಬುದು ಇಲ್ಲಿ ಬರೀ ಶಿಷ್ಟಾಚಾರ ಅಲ್ಲ. 1936ರ ವೇತನ ಪಾವತಿ ಕಾಯ್ದೆ ಲಿಖಿತ ಒಪ್ಪಿಗೆ ಕೇಳುತ್ತಿತ್ತು, ಅದೂ ನೋಂದಾಯಿತ ಯೂನಿಯನ್ ಆಗಿದ್ದರೆ ಮಾತ್ರ. 2025ರ ನವೆಂಬರ್ 21ರಿಂದ ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತಲ್ವಾ, ಆ ಹೊಸ ವೇತನ ಸಂಹಿತೆಯಲ್ಲೂ ನೌಕರನ ಒಪ್ಪಿಗೆ ಎಂಬ ಮಾತು ಹಾಗೇ ಉಳಿದಿದೆ. ಎಲ್ಲ ಕಡಿತಗಳೂ ಸೇರಿ ಸಂಬಳದ 50 ಪ್ರತಿಶತ ದಾಟಬಾರದು ಎಂಬ ಮಿತಿಯೂ ಇದೆ. ಸೊಸೈಟಿ ಸಾಲ, ಪಿಎಫ್, ಎಲ್‌ಐಸಿ ಎಲ್ಲ ಸಂಬಳದಲ್ಲೇ ಹೋಗುವವರು ಒಮ್ಮೆ ಪೇಸ್ಲಿಪ್ ತೆಗೆದು ಕೂಡಿಸಿ ನೋಡಿ.

ಪುರಾವೆಯ ವಿಷಯದಲ್ಲಿ ಇದನ್ನು ಮೀರಿಸುವ ದಾರಿ ಇಲ್ಲ. ಪ್ರತಿ ತಿಂಗಳ ಪೇಸ್ಲಿಪ್ಪಿನಲ್ಲಿ ಅಚ್ಚಾಗಿ ಬರುತ್ತದೆ, ಮರೆತುಹೋಗುವ ಪ್ರಶ್ನೆಯೇ ಇಲ್ಲ, ಬಾಕಿ ಬೀಳುವುದಿಲ್ಲ, ಬಾಕಿ ಬಿದ್ದವರಿಗೆ ಓಟಿಲ್ಲ ಅಂತ ಮಹಾಸಭೆಯ ದಿನ ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಯೂನಿಯನ್‌ಗಂತೂ ಇದು ಬಂಗಾರ. ಎಷ್ಟು ಸದಸ್ಯರಿದ್ದಾರೆ ಎಂಬುದು ಮಾಲೀಕರ ಲೆಕ್ಕದಲ್ಲೇ ದಾಖಲಾಗುತ್ತದೆ. ಕೇಂದ್ರ ಸರಕಾರಿ ನೌಕರರ ಸಂಘಗಳಿಗೆ 1993ರ ನಿಯಮಗಳ ಪ್ರಕಾರ ಮಾನ್ಯತೆ ಸಿಗುವುದೇ ಈ ಚೆಕ್-ಆಫ್ ಲೆಕ್ಕದ ಮೇಲೆ. ಕನಿಷ್ಠ 35 ಪ್ರತಿಶತ ಸದಸ್ಯರಿರಬೇಕು, ಎರಡನೇ ಸಂಘಕ್ಕೆ 15 ಪ್ರತಿಶತ. ಅಂದರೆ ಅಂಚೆ ಇಲಾಖೆಯಂಥ ಕಡೆ ನೀವು ಕೈಯಲ್ಲಿ ಎಷ್ಟು ಚಂದಾ ಕೊಟ್ಟರೂ ಸಂಘದ ಬಲದ ಲೆಕ್ಕಕ್ಕೆ ನೀವು ಬರುವುದಿಲ್ಲ. ಅಲ್ಲಿ ಕೆಲಸ ಮಾಡುವವರು ಈ ಲೇಖನ ಇಲ್ಲಿಗೇ ನಿಲ್ಲಿಸಿ ಫಾರ್ಮಿಗೆ ಸೈನ್ ಹಾಕಬಹುದು.

ಉಳಿದವರು ಮುಂದೆ ಓದಿ. ಚೆಕ್-ಆಫ್‌ನಲ್ಲಿ ಅಕೌಂಟ್ಸ್ ವಿಭಾಗಕ್ಕೆ, ಆ ಮೂಲಕ ಎಚ್‌ಆರ್‌ಗೆ, ನೀವು ಯಾವ ಯೂನಿಯನ್ ಅಂತ ಮೊದಲ ದಿನದಿಂದ ಗೊತ್ತಿರುತ್ತದೆ. ಯೂನಿಯನ್‌ಗೆ ಸೇರಿದ್ದಕ್ಕೆ ಕಿರುಕುಳ ಕೊಡುವುದು ಕಾನೂನಿನ ಕಣ್ಣಲ್ಲಿ ಅನುಚಿತ ಕಾರ್ಮಿಕ ಪದ್ಧತಿ, ಸರಿ. ಆದರೆ ಗುತ್ತಿಗೆಯನ್ನು ಮುಂದಿನ ಮಾರ್ಚಿನಲ್ಲಿ ನವೀಕರಿಸದಿದ್ದರೆ ಅದು ಯೂನಿಯನ್ ಕಾರಣಕ್ಕೆ ಅಂತ ಸಾಬೀತು ಮಾಡುವವರು ಯಾರು?

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಪೇಸ್ಲಿಪ್ಪಿನಲ್ಲಿ ಕಡಿತ ಕಂಡರೆ ಹಣ ನಿಮ್ಮಿಂದ ಹೋಗಿದೆ ಅಂತಷ್ಟೇ ಅರ್ಥ. ಯೂನಿಯನ್‌ಗೆ ಮುಟ್ಟಿದೆ ಅಂತ ಅಲ್ಲ. ನಷ್ಟದಲ್ಲಿರುವ ಸಂಸ್ಥೆಗಳು ಪಿಎಫ್ ಹಣವನ್ನೇ ಕಟ್ಟದೆ ಇಟ್ಟುಕೊಳ್ಳುವುದು ಹೊಸದೇನಲ್ಲ. ಹಾಗಿರುವಾಗ ಚಂದಾ ಬಿಡುತ್ತಾರಾ? ಸಂಬಳವೇ ತಿಂಗಳುಗಟ್ಟಲೆ ತಡವಾಗುವ ಕಡೆ ಚೆಕ್-ಆಫ್ ನಂಬಿ ಕೂರಬೇಡಿ.

ನಿಲ್ಲಿಸುವುದು? ಕಾಗದದ ಮೇಲೆ ಸುಲಭ, ಒಪ್ಪಿಗೆ ವಾಪಸ್ ಪಡೆಯುತ್ತೇನೆ ಅಂತ ಬರೆದು ಕೊಟ್ಟರಾಯಿತು. ನಿಜದಲ್ಲಿ ಆ ಪತ್ರ ಅಕೌಂಟ್ಸ್‌ಗೆ ಮುಟ್ಟುವ ಮೊದಲೇ ಯೂನಿಟ್ ಸೆಕ್ರೆಟರಿಗೆ ಮುಟ್ಟುತ್ತದೆ, ಸಂಜೆಗೆ ಮೂರು ಜನ ಮನೆಗೆ ಬಂದು ಚಹಾ ಕುಡಿದು ಎಂತ ಮಾರಾಯ್ರೆ, ಎಂತಾಯ್ತು ಅಂತ ಕೇಳುತ್ತಾರೆ. ಹಲವು ಕಡೆ ಬದಲಾವಣೆಗೆ ವರ್ಷಕ್ಕೆ ಒಂದೇ ಸಲ ಅವಕಾಶ, ಅದು ಯಾವ ತಿಂಗಳು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಪತ್ರ ಕೊಟ್ಟರೆ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ಕೈಯಲ್ಲಿ ಕೊಡುವುದು

ನಮ್ಮ ಜಿಲ್ಲೆಯ ಹಳೆಯ ಅಭ್ಯಾಸ ಇದೇ. ಬೀಡಿ ಕಟ್ಟುವವರ ಕಾಲದಿಂದ ಬಂದದ್ದು. 1966ರ ಬೀಡಿ ಕಾರ್ಮಿಕರ ಕಾಯ್ದೆ ಬಂದ ಮೇಲೆ ಮಂಗಳೂರಿನ ದೊಡ್ಡ ಮಾಲೀಕರು ಮಲಬಾರಿನ ಶಾಖೆಗಳನ್ನು ಮುಚ್ಚಿ ಹೋದರು, 1969ರಲ್ಲಿ ಕೆಲಸಗಾರರೇ ದಿನೇಶ್ ಬೀಡಿ ಸಹಕಾರಿ ಕಟ್ಟಿಕೊಂಡರು. ಮಲಬಾರಿನ ಆ ಬೀಡಿ ಶಾಲೆಗಳಲ್ಲಿ, ಅಂದರೆ ಒಟ್ಟಿಗೆ ಕೂತು ಬೀಡಿ ಕಟ್ಟುವ ಜಾಗಗಳಲ್ಲಿ, ಒಬ್ಬ ಪೇಪರ್ ಓದುತ್ತಿದ್ದ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ನನಗೆ ಕೇಳಿದರೆ ಅದಕ್ಕಿಂತ ಚಂದದ ಚಂದಾ ಇಲ್ಲ. ಯಾವುದಕ್ಕೆ ಕೊಟ್ಟೆ ಎಂಬುದು ಅದೇ ಹೊತ್ತಿಗೆ ಕಿವಿಗೆ ಬೀಳುತ್ತಿತ್ತು.

ಕೈಯಲ್ಲಿ ಕೊಡುವುದರ ದೊಡ್ಡ ಲಾಭ ಅದೇ. ಪೈಸೆ ಕೇಳಲು ಬಂದವನನ್ನು ನಿಲ್ಲಿಸಿ ಪ್ರಶ್ನೆ ಕೇಳಬಹುದು. ಬೋನಸ್ ಮಾತುಕತೆ ಎಲ್ಲಿಗೆ ಬಂತು, ಕಳೆದ ವರ್ಷದ ಲೆಕ್ಕ ಎಲ್ಲಿ ಅಂತ. ಚೆಕ್-ಆಫ್ ಬಂದ ಮೇಲೆ ನಾಯಕರು ಯೂನಿಟ್‌ಗೆ ಬರುವುದೇ ಕಡಿಮೆಯಾಯಿತು ಎಂಬ ದೂರು ಸುಮ್ನೆ ಅಲ್ಲ. ಇಲ್ಲಿ ಮಾಲೀಕರಿಗೆ ಗೊತ್ತಾಗುವುದಿಲ್ಲ, ನಿಲ್ಲಿಸಲು ಯಾರ ಅಪ್ಪಣೆಯೂ ಬೇಡ, ಮುಂದಿನ ಸಲ ಕೊಡದಿದ್ದರಾಯಿತು.

ಪುರಾವೆ ಮಾತ್ರ ಪೂರ್ತಿ ಆ ರಶೀದಿಯ ಮೇಲೆ ನಿಂತಿದೆ. ಖಜಾಂಚಿಯಾಗಿ ನಾನು ಕಂಡ ಹಾಗೆ ಅರ್ಧ ಜನ ರಶೀದಿಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ, ನಿಮ್ಮ ಹತ್ತಿರವೇ ಇರಲಿ ಬಿಡಿ ಅಂತ. ಹಾಗೆ ಮಾಡಬೇಡಿ. ರಶೀದಿಯಲ್ಲಿ ಯೂನಿಯನ್ನಿನ ನೋಂದಣಿ ಸಂಖ್ಯೆ, ಕ್ರಮ ಸಂಖ್ಯೆ, ಯಾವ ಅವಧಿಯ ಚಂದಾ ಎಂಬುದು, ತಾರೀಕು, ಸಹಿ ಇಷ್ಟಿರಬೇಕು. ಮನೆಗೆ ಹೋಗುವ ಮೊದಲು ಫೋಟೋ ತೆಗೆಯಿರಿ.

ನಮ್ಮವರಿಗೆ ಇನ್ನೊಂದು ತೊಡಕು, ರಶೀದಿ ಹೆಚ್ಚಾಗಿ ಮಲಯಾಳದಲ್ಲಿರುತ್ತದೆ. ವರಿಸಂಖ್ಯ ಅಂತ ಇದ್ದರೆ ಅದು ಚಂದಾ, ಸಂಭಾವನ ಅಂದರೆ ದೇಣಿಗೆ, ಕುಡಿಶ್ಶಿಕ ಅಂದರೆ ಬಾಕಿ. ನೀವು ಚಂದಾ ಅಂತ ಕೊಟ್ಟ ಹಣಕ್ಕೆ ದೇಣಿಗೆಯ ರಶೀದಿ ಬಂದರೆ ಅದು ಸದಸ್ಯತ್ವದ ಪುರಾವೆ ಆಗುವುದಿಲ್ಲ. ಓದಲು ಬರದಿದ್ದರೆ ಅಲ್ಲೇ ಓದಿಸಿಕೊಳ್ಳಿ, ನಾಚಿಕೆ ಎಂತಕ್ಕೆ.

ಕ್ಷೇಮನಿಧಿ ಅಂದರೆ ಕಾರ್ಮಿಕರ ಪೆನ್ಷನ್ ಮುಂತಾದ್ದಕ್ಕೆ ಇರುವ ಸರಕಾರಿ ನಿಧಿ, ಅದರ ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ಕೇರಳದಲ್ಲಿ ಅಂಗಡಿ ನೌಕರರಿಗೆ, ಕಟ್ಟಡ ಕೆಲಸದವರಿಗೆ, ಬೀಡಿಯವರಿಗೆ, ಮೋಟಾರು ಕಾರ್ಮಿಕರಿಗೆ, ಹೊರೆ ಹೊರುವವರಿಗೆ ಹೀಗೆ ಬೇರೆ ಬೇರೆ ಕ್ಷೇಮನಿಧಿ ಮಂಡಳಿಗಳಿವೆ. ಅವುಗಳ ಅರ್ಜಿ, ಅಂಶದಾಯ (ನಿಧಿಗೆ ಕಟ್ಟುವ ಪಾಲು), ಪಾಸ್‌ಬುಕ್ಕು ಇದಕ್ಕೆಲ್ಲ ಓಡಾಡುವವರು ಹೆಚ್ಚಾಗಿ ಯೂನಿಯನ್‌ನವರೇ. ಹಾಗಾಗಿ ಮೀಂಜ, ವರ್ಕಾಡಿ ಕಡೆ ಮನೆಯಲ್ಲೇ ಬೀಡಿ ಕಟ್ಟುವ ಹೆಂಗಸರಲ್ಲಿ ಕೇಳಿದರೆ, ಯೂನಿಯನ್‌ಗೆ ಕಟ್ಟುತ್ತೇವೆ ಅನ್ನುತ್ತಾರೆ. ಅದು ಚಂದಾವಾ, ನಿಧಿಯ ಅಂಶದಾಯವಾ, ಎರಡೂ ಸೇರಿದ್ದಾ ಅಂತ ಅವರಿಗೇ ಗೊತ್ತಿರುವುದಿಲ್ಲ. ಇವೆರಡೂ ಪೂರ್ತಿ ಬೇರೆ. ನಿಧಿಯ ಹಣ ಸರಕಾರಿ ಮಂಡಳಿಗೆ ಹೋಗಬೇಕು, ಅದು ತಪ್ಪಿದರೆ ಮುಂದೆ ಪೆನ್ಷನ್ನಿಗೇ ಕುತ್ತು. ಚಂದಾ ತಪ್ಪಿದರೆ ಯೂನಿಯನ್ ಸದಸ್ಯತ್ವಕ್ಕೆ ಮಾತ್ರ. ಒಂದೇ ಕೈಗೆ ಎರಡನ್ನೂ ಕೊಡುತ್ತಿದ್ದರೆ ಎರಡು ರಶೀದಿ ಕೇಳಿ, ನಿಧಿಯ ಪಾಸ್‌ಬುಕ್ಕು ನಿಮ್ಮ ಮನೆಯಲ್ಲೇ ಇರಲಿ.

ಯುಪಿಐ, ಬ್ಯಾಂಕ್ ವರ್ಗಾವಣೆ, ಆಟೋಪೇ

ಈ ಎರಡರ ನಡುವಿನ ದಾರಿ ಇದು. ಖಾಸಗಿ ಕೆಲಸದಲ್ಲಿರುವ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಮಾಲೀಕರ ಲೆಕ್ಕಕ್ಕೆ ಬರುವುದಿಲ್ಲ, ಆದರೆ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ತಾರೀಕಿನ ಸಮೇತ ಉಳಿಯುತ್ತದೆ. ಖರ್ಚಿಲ್ಲ. ನಿಲ್ಲಿಸಲು ಯಾರಿಗೂ ಪತ್ರ ಬರೆಯಬೇಕಿಲ್ಲ.

ಒಂದೇ ಒಂದು ಷರತ್ತು: ಹಣ ಹೋಗಬೇಕಾದ್ದು ಯೂನಿಯನ್ನಿನ ಹೆಸರಿನಲ್ಲಿರುವ ಖಾತೆಗೆ. ಸೆಕ್ರೆಟರಿಯ ಸ್ವಂತ ನಂಬರಿಗೆ ಕಳಿಸಿದರೆ ಅದು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಕೊಟ್ಟ ಹಣ, ಅಷ್ಟೇ. ಆತ ಒಳ್ಳೆಯವನೇ ಇರಬಹುದು, ನಾಳೆ ಪದಾಧಿಕಾರಿ ಬದಲಾದರೆ ನಿಮ್ಮ ಮೂರು ವರ್ಷದ ಚಂದಾ ಯಾವ ಪುಸ್ತಕದಲ್ಲೂ ಸಿಗದೆ ಹೋಗಬಹುದು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಯಾರ ಹೆಸರು ಬರುತ್ತದೆ ನೋಡಿ, ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ ಖಾತೆ ಸಂಖ್ಯೆ ಕೇಳಿ. ಟಿಪ್ಪಣಿಯ ಜಾಗದಲ್ಲಿ ಸದಸ್ಯತ್ವ ಸಂಖ್ಯೆ ಮತ್ತು ಅವಧಿ ಬರೆಯಿರಿ. ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಫೋನ್ ಬದಲಾದರೆ ಹೋಯಿತು. 12 ಅಂಕೆಯ ಯುಪಿಐ ರೆಫರೆನ್ಸ್ ನಂಬರನ್ನು ಎಲ್ಲಾದರೂ ಬರೆದಿಡಿ, ಮತ್ತು ಹಣ ಕಳಿಸಿದ ಮೇಲೂ ಯೂನಿಯನ್ ರಶೀದಿ ಕೇಳಿ ಪಡೆಯಿರಿ.

ತಿಂಗಳು ತಿಂಗಳು ಮರೆಯುತ್ತದೆ ಅನ್ನುವವರಿಗೆ ಆಟೋಪೇ ಇದೆ. 2020ರಿಂದ ಯುಪಿಐನಲ್ಲೇ ಬಂದಿದೆ. ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಬರುತ್ತದೆ, ಬೇಡವೆಂದರೆ ಆ್ಯಪಿನಲ್ಲೇ ರದ್ದು ಮಾಡಬಹುದು. ಆದರೆ ಅದಕ್ಕೆ ಯೂನಿಯನ್ ಕಡೆಯಿಂದಲೂ ವ್ಯವಸ್ಥೆ ಇರಬೇಕು, ಸಣ್ಣ ಯೂನಿಯನ್‌ಗಳಲ್ಲಿ ಇರುವುದಿಲ್ಲ. ಬ್ಯಾಂಕಿನ ಮ್ಯಾಂಡೇಟ್ (ಖಾತೆಯಿಂದ ತಾನಾಗಿ ಹಣ ಹಿಡಿಯಲು ಬ್ಯಾಂಕಿಗೆ ಕೊಡುವ ಒಪ್ಪಿಗೆ) ಕೊಟ್ಟರೆ ಖಾತೆಯಲ್ಲಿ ಹಣವಿಲ್ಲದ ದಿನ ದಂಡ ಬೀಳುವುದುಂಟು. 50 ರೂಪಾಯಿಯ ಚಂದಾಕ್ಕೆ ಅದರ ಎಷ್ಟೋ ಪಟ್ಟು ದಂಡ ಕಟ್ಟುವುದು ಯಾರಿಗೆ ಬೇಕು? ಅದರ ಬದಲು ವರ್ಷದ್ದು ಒಮ್ಮೆಗೇ ಕಟ್ಟಿಬಿಡಿ. ಓಣಂ ಬೋನಸ್ ಬಂದ ವಾರ ಕಟ್ಟಿದರೆ ಜೇಬಿಗೂ ಗೊತ್ತಾಗುವುದಿಲ್ಲ. ಆದರೆ ಕೆಲಸ ಬಿಡುವ ಯೋಚನೆ ಇದ್ದರೆ ಒಟ್ಟಿಗೆ ಕಟ್ಟಬೇಡಿ, ವಾಪಸ್ ಬರುವ ಹಣ ಅಲ್ಲ ಅದು.

ಕೊಡದೇ ಇದ್ದರೆ?

ಇದೂ ಒಂದು ಆಯ್ಕೆಯೇ. ಯೂನಿಯನ್‌ಗೆ ಸೇರಲೇಬೇಕು ಅಂತ ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಒತ್ತಾಯ ಮಾಡಿ ಸೇರಿಸುವುದು ಯೂನಿಯನ್ ಕಡೆಯಿಂದಲೂ ಅನುಚಿತ ಪದ್ಧತಿಯೇ. ದುಬೈಯಲ್ಲಿ ಹತ್ತು ವರ್ಷ ದುಡಿದು ಬಂದವರು ಅಲ್ಲಿ ಯೂನಿಯನ್ನೇ ಇಲ್ಲ, ನಾವು ಬದುಕಲಿಲ್ವಾ ಅನ್ನುತ್ತಾರೆ. ನಿಜ, ಅಲ್ಲಿ ಯೂನಿಯನ್ ಕಟ್ಟಲು ಅನುಮತಿಯೇ ಇಲ್ಲ. ಸಂಬಳ ಸಿಗದೆ ಕ್ಯಾಂಪಿನಲ್ಲಿ ಕೂತಾಗ ಯಾರನ್ನು ಕರೆದಿರಿ ಅಂತ ಅವರನ್ನೇ ಕೇಳಿ.

ಲೇಬರ್ ಇಲಾಖೆಯ ಸಂಧಾನಾಧಿಕಾರಿಯ ಎದುರು ಆದ ಒಪ್ಪಂದ ಸದಸ್ಯರಲ್ಲದವರಿಗೂ ಅನ್ವಯಿಸುತ್ತದೆ. ಹಾಗಾಗಿ ಸಂಬಳ ಏರಿಕೆ ಬಿಟ್ಟಿಯಾಗಿ ಸಿಗುತ್ತದಲ್ಲ ಎಂಬ ಲೆಕ್ಕ ಹಲವರದ್ದು. ಪೂರ್ತಿ ಬಿಟ್ಟಿ ಅಲ್ಲ. ಅಧಿಕಾರಿ ಇಲ್ಲದೆ ಮಾಲೀಕರು ಮತ್ತು ಯೂನಿಯನ್ ನೇರವಾಗಿ ಮಾಡಿಕೊಂಡ ಒಪ್ಪಂದ ಅದರಲ್ಲಿ ಸೇರಿದವರನ್ನು ಮಾತ್ರ ಕಟ್ಟುತ್ತದೆ. ಇನ್ನು ಬಾಮರ್ ಲಾರಿ ಕಂಪನಿಯ ಪ್ರಕರಣ ನೋಡಿ. ಒಪ್ಪಂದದಿಂದ ಬರುವ ಬಾಕಿ ಹಣದ 15 ಪ್ರತಿಶತವನ್ನು ಪ್ರತಿಯೊಬ್ಬ ನೌಕರನಿಂದಲೂ ಯೂನಿಯನ್ ನಿಧಿಗೆ ಹಿಡಿಯಬೇಕು ಎಂಬ ಷರತ್ತನ್ನು ಎದುರು ಯೂನಿಯನ್ ಪ್ರಶ್ನಿಸಿತ್ತು. 1984ರಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಬ್ಯಾಂಕಿನವರಿಗೆ ಈ ಲೆವಿ ಚೆನ್ನಾಗಿ ಗೊತ್ತು. ವೇತನ ಒಪ್ಪಂದವಾಗಿ ಅರಿಯರ್ಸ್ ಬಂದಾಗ ತಿಂಗಳ ಚಂದಾದ ಹೊರತಾಗಿ ಇನ್ನೊಂದು ಕಡಿತ ಬರುತ್ತದೆ. ಬೇಡವೆಂದು ಬರೆದುಕೊಡಲು ದಿನ ಕೊಟ್ಟಿದ್ದಾರಾ ಅಂತ ಸುತ್ತೋಲೆ ಓದಿ.

ಹಾಗಾದರೆ ಯಾರಿಗೆ ಯಾವುದು

ಬ್ಯಾಂಕು, ಅಂಚೆ, ಸಾರ್ವಜನಿಕ ಸಂಸ್ಥೆಗಳ ಖಾಯಂ ನೌಕರರಾದರೆ ಚೆಕ್-ಆಫ್. ಅಲ್ಲಿ ಹೆಸರು ಗೊತ್ತಾಗುವುದೇ ಬಲ. ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಒಂದಕ್ಕಿಂತ ಹೆಚ್ಚು ಯೂನಿಯನ್ ಇರುವ ಕಡೆ 51 ಪ್ರತಿಶತ ನೌಕರರ ಬೆಂಬಲ ಇದ್ದ ಯೂನಿಯನ್ ಒಂದೇ ಮಾಲೀಕರ ಜೊತೆ ಮಾತುಕತೆಗೆ ಕೂರುತ್ತದೆ, ಯಾರಿಗೂ ಅಷ್ಟಿಲ್ಲದಿದ್ದರೆ 20 ಪ್ರತಿಶತ ಇದ್ದವರ ಮಂಡಳಿ. ತಲೆ ಎಣಿಕೆಯ ಬೆಲೆ ಇನ್ನೂ ಏರಿದೆ.

ಗುತ್ತಿಗೆಯವರು, ಖಾಸಗಿ ಆಸ್ಪತ್ರೆ, ಶಾಲೆ, ಅಂಗಡಿಯಲ್ಲಿ ಇರುವವರು ಯೂನಿಯನ್ ಖಾತೆಗೆ ಯುಪಿಐ ಮಾಡಿ, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಕೆಲಸದ ಜಾಗದಲ್ಲಿ ರಶೀದಿ ತೆಗೆದುಕೊಳ್ಳಬೇಡಿ, ಆಫೀಸಿಗೆ ಹೋಗಿ ಪಡೆಯಿರಿ. ಎಲ್ಲರೂ ಒಟ್ಟಿಗೆ ಬಹಿರಂಗವಾಗುವ ದಿನ ಬಂದರೆ ಆಗ ಚೆಕ್-ಆಫ್‌ಗೆ ಹೋಗಬಹುದು. ಒಬ್ಬರೇ ಮೊದಲು ಹೋಗುವ ಶೌರ್ಯ ಬೇಡ.

ಮನೆಯಲ್ಲಿ ಬೀಡಿ ಕಟ್ಟುವವರು, ದಿನಗೂಲಿಯವರು, ಫೋನಿನಲ್ಲಿ ಹಣ ಕಳಿಸುವ ಅಭ್ಯಾಸ ಇಲ್ಲದವರು ವರ್ಷಕ್ಕೊಮ್ಮೆ ನಗದು ಕೊಟ್ಟರೆ ಸಾಕು. ರಶೀದಿಯನ್ನು ರೇಷನ್ ಕಾರ್ಡಿನ ಜೊತೆ ಇಡಿ.

ಮಂಜೇಶ್ವರದಲ್ಲಿ ಮನೆ, ಮಂಗಳೂರಿನಲ್ಲಿ ಕೆಲಸ ಅನ್ನುವವರು ಬಹಳ ಜನ. ನಿಮಗೆ ಬೇಕಾದ್ದು ನಿಮ್ಮ ಕೆಲಸದ ಜಾಗದಲ್ಲಿ ಸದಸ್ಯರಿರುವ ಯೂನಿಯನ್. ಊರಿನ ಯೂನಿಯನ್ ಗೆಳೆಯರು ಎಷ್ಟೇ ಆತ್ಮೀಯರಾಗಿರಲಿ, ತಲಪಾಡಿ ಗಡಿಯ ಈಚೆಗೆ ಕಟ್ಟಿದ ಚಂದಾ ನಿಮ್ಮ ಮಾಲೀಕರ ಎದುರು ಕೆಲಸಕ್ಕೆ ಬರುವುದಿಲ್ಲ. ಎರಡೂ ಕಡೆ ಕಟ್ಟಲು ಮನಸ್ಸಿದ್ದರೆ ನಿಮ್ಮಿಷ್ಟ.

ಯಾವ ದಾರಿ ಹಿಡಿದರೂ ಎರಡು ಹಕ್ಕು ನಿಮಗಿದೆ. ಲೆಕ್ಕದ ಪುಸ್ತಕ ಮತ್ತು ಸದಸ್ಯರ ಪಟ್ಟಿಯನ್ನು ಸದಸ್ಯರಾದವರು ನೋಡಬಹುದು, 1926ರ ಕಾಯ್ದೆಯಿಂದಲೇ ಬಂದದ್ದು ಅದು. ರಾಜಕೀಯ ನಿಧಿ ಚಂದಾದಿಂದ ಬೇರೆಯೇ ಇರಬೇಕು, ಅದಕ್ಕೆ ಕೊಡದಿದ್ದರೆ ಸದಸ್ಯತ್ವಕ್ಕೆ ಧಕ್ಕೆ ಮಾಡುವಂತಿಲ್ಲ. ಚುನಾವಣೆಯ ಹೊತ್ತಿಗೆ ಚಂದಾದ ಜೊತೆ ಇನ್ನೊಂದು ಮೊತ್ತ ಸೇರಿಸಿ ಕೇಳಿದರೆ, ಚಂದಾ ಮಾತ್ರ ಕೊಟ್ಟು ಅದಕ್ಕೆ ಮಾತ್ರ ರಶೀದಿ ಪಡೆಯಿರಿ.